ಪಾಪಾಸುಕಳ್ಳಿಯನ್ನು ತರಕಾರಿಯಂತೆ ತಿನ್ನಬಹುದಾ?

ಪ್ರಶ್ನೆ: ನಾವು ಅಮೆರಿಕದ ಟೆಕ್ಸಸ್‌ನ ಸ್ಯಾನ್ ಆಂಟೋನಿಯೊದಲ್ಲಿದ್ದೇವೆ. ಇಲ್ಲಿನ ಅಂಗಡಿಗಳಲ್ಲಿ ನೋಪಾಲ್ ಅಂತ ಕಳ್ಳಿಯ ಎಲೆ ಮಾರುತ್ತಾರೆ. ಚಳ್ಳಕೆರೆಯಿಂದ ಬಂದಿರುವ ಅಮ್ಮ ಅದನ್ನು ನೋಡಿ, "ಇದು ನಮ್ಮ ಬೇಲಿ ಪಾಪಾಸುಕಳ್ಳಿ ಅಲ್ವೇನೇ, ಇದಕ್ಕೂ ದುಡ್ಡು ಕೊಡ್ತಾರಾ?" ಅಂದರು. ಕುತೂಹಲಕ್ಕೆ ತಂದು ಪಲ್ಯ ಮಾಡಿದೆ. ಪೂರ್ತಿ ಲೋಳೆಯಾಗಿ ಯಾರೂ ತಿನ್ನಲಿಲ್ಲ. ಇದರ ಹಣ್ಣು ಬಿಡಿಸಲು ಹೋಗಿ ಬೆರಳ ತುಂಬಾ ಕಣ್ಣಿಗೆ ಕಾಣದ ಮುಳ್ಳು ಚುಚ್ಚಿಕೊಂಡೆ. ಸರಿಯಾಗಿ ಮಾಡುವುದು ಹೇಗೆ? ಅಮ್ಮನಿಗೆ ಸಕ್ಕರೆ ಕಾಯಿಲೆ ಇದೆ, ಮಾತ್ರೆ ತಗೊಳ್ತಾರೆ. ನೋಪಾಲ್ ತಿಂದರೆ ಸಕ್ಕರೆ ಇಳಿಯುತ್ತೆ ಅನ್ನುತ್ತಾರಲ್ಲ, ನಿಜವಾ? ಊರಿನ ಬೇಲಿಯಲ್ಲಿ ಇರುವುದನ್ನೂ ತಿನ್ನಬಹುದಾ?

ಉತ್ತರ: ನಿಮ್ಮ ಅಮ್ಮ ಸರಿಯಾಗಿಯೇ ಗುರುತು ಹಿಡಿದಿದ್ದಾರೆ. ಅಂಗಡಿಯ ನೋಪಾಲ್, ಚಳ್ಳಕೆರೆ ಬೇಲಿಯ ಪಾಪಾಸುಕಳ್ಳಿ ಎರಡೂ ಒಂದೇ ಕುಲದವು. ಆ ಕುಲಕ್ಕೆ ಒಪನ್ಷಿಯಾ ಅಂತ ಹೆಸರು. ಆದರೆ ಅವು ಅಕ್ಕತಂಗಿಯರು, ಒಂದೇ ಗಿಡವಲ್ಲ. ಬೇಲಿಯದು ತಾನಾಗಿ ಹಬ್ಬಿದ ಕಾಡು ಜಾತಿ. ಅಂಗಡಿಯದು ಮೆಕ್ಸಿಕೊದ ಜನ ಸಾವಿರಾರು ವರ್ಷ ಮುಳ್ಳು ಕಡಿಮೆ ಇರುವುದನ್ನೇ ಆರಿಸಿ ನೆಟ್ಟು ಪಳಗಿಸಿದ ಗಿಡ. ಅಲ್ಲಿ ಅದು ಬೇಲಿಯಲ್ಲ, ತೋಟದ ಬೆಳೆ. ಮೆಕ್ಸಿಕೊದ ಬಾವುಟದ ನಡುವೆ ಹದ್ದೊಂದು ಹಾವು ಕಚ್ಚಿಕೊಂಡು ಕೂತಿದೆಯಲ್ಲ, ಅದು ಕೂತಿರುವುದು ಇದೇ ಕಳ್ಳಿಯ ಮೇಲೆ.

ಪಲ್ಯ ಯಾಕೆ ಕೆಟ್ಟಿತು ಅಂತಲೂ ಊಹಿಸಬಲ್ಲೆ. ನೀರು ಚಿಮುಕಿಸಿ ಮುಚ್ಚಳ ಮುಚ್ಚಿದ್ದಿರಿ, ಅಲ್ವಾ? ಅದು ಹುರುಳಿಕಾಯಿ ಪಲ್ಯದ ಅಭ್ಯಾಸ. ನೋಪಾಲನ್ನು ಹುರುಳಿಕಾಯಿ ಅಂದುಕೊಳ್ಳಬೇಡಿ, ಬೆಂಡೆಕಾಯಿ ಅಂದುಕೊಳ್ಳಿ. ಬೆಂಡೆಕಾಯಿಯ ಲೋಳೆ ಬಿಡಿಸಲು ಗೊತ್ತಿರುವ ಯಾರಿಗೂ ಈ ತರಕಾರಿ ಹೊಸದಲ್ಲ. ನಿಮ್ಮ ಅಮ್ಮನಿಗೆ ಇದರ ಮುಕ್ಕಾಲು ವಿದ್ಯೆ ಈಗಾಗಲೇ ಬರುತ್ತದೆ.

ಆ ಲೋಳೆ ದೋಷವಲ್ಲ, ಗಿಡದ ಜೀವ ಅದರಲ್ಲೇ ಇದೆ. 100 ಗ್ರಾಂ ನೋಪಾಲಿನಲ್ಲಿ ಹೆಚ್ಚುಕಡಿಮೆ 94 ಗ್ರಾಂ ನೀರೇ. ಕಡು ಬಿಸಿಲಲ್ಲಿ ತಿಂಗಳುಗಟ್ಟಲೆ ಮಳೆ ಬಾರದಿದ್ದರೂ ಆ ನೀರು ಆರಿಹೋಗದಂತೆ ಹಿಡಿದಿಟ್ಟುಕೊಳ್ಳುವುದು ಈ ಲೋಳೆ. ನಾವು ಎಲೆ ಅನ್ನುವುದು ನಿಜವಾಗಿ ಎಲೆಯೂ ಅಲ್ಲ, ಚಪ್ಪಟೆಯಾದ ಕಾಂಡ. ನಿಜವಾದ ಎಲೆ ನೋಡಬೇಕು ಅಂದರೆ ಈಗಷ್ಟೇ ಚಿಗುರಿದ ನೋಪಾಲ್ ಹುಡುಕಿ. ಅದರ ಒಂದೊಂದು ಕಣ್ಣಿನ, ಅಂದರೆ ಮುಳ್ಳು ಹುಟ್ಟುವ ಚುಕ್ಕೆಯ, ಬುಡದಲ್ಲೂ ಮೊಳಕೆಯಂತೆ ಚೂಪಾದ, ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡ ಹಸಿರು ಕಡ್ಡಿ ಇರುತ್ತದೆ. ಅದೇ ಎಲೆ. ಕೆಲವೇ ದಿನಕ್ಕೆ ಉದುರಿಹೋಗುತ್ತದೆ. ಅದು ಇನ್ನೂ ಅಂಟಿಕೊಂಡಿದ್ದರೆ ನೋಪಾಲ್ ಎಳೆಯದು ಅಂತ ಖಾತ್ರಿ. ಅಂಗಡಿಯಲ್ಲಿ ಆರಿಸುವಾಗ ಅಂಗೈಯಷ್ಟು ಅಥವಾ ಅದಕ್ಕಿಂತ ಸ್ವಲ್ಪ ದೊಡ್ಡದನ್ನೇ ತಗೊಳ್ಳಿ. ತೆಳ್ಳಗೆ, ತಿಳಿ ಹಸಿರಾಗಿ, ಬಗ್ಗಿಸಿದರೆ ಪಟ್ ಅಂತ ಮುರಿಯುವಂತಿರಬೇಕು. ದಪ್ಪಗೆ ಬೂದು ಬಣ್ಣಕ್ಕೆ ತಿರುಗಿದ್ದರೆ ಒಳಗೆ ನಾರು ಕೂತಿದೆ ಅಂತ ಅರ್ಥ.

ಮೆಕ್ಸಿಕೊ ನಗರದ ದಕ್ಷಿಣಕ್ಕೆ ಮಿಲ್ಪಾ ಆಲ್ಟಾ ಅಂತ ಒಂದು ಭಾಗ ಇದೆ. ಬೆಟ್ಟದ ಇಳಿಜಾರಿನ ಉದ್ದಕ್ಕೂ ನೋಪಾಲ್ ಸಾಲುಗಳೇ. ಅಲ್ಲಿಂದ ನಗರದ ಲಾ ಮರ್ಸೆಡ್ ಮಾರುಕಟ್ಟೆಗೆ ಬರುವ ನೋಪಾಲನ್ನು ಪೇರಿಸುವ ರೀತಿ ನೋಡಬೇಕು. ಒಂದರ ಮೇಲೊಂದು ದುಂಡಗೆ ಜೋಡಿಸುತ್ತಾ ಹೋಗುತ್ತಾರೆ. ನಮ್ಮ ಕಡೆ ಮೇವಿನ ಬಣವೆ ಒಟ್ಟುವ ಹಾಗೆ, ಆದರೆ ಬಾವಿಯ ಕಟ್ಟೆಯಷ್ಟು ಅಚ್ಚುಕಟ್ಟು. ಮಳಿಗೆಗಳಲ್ಲಿ ಹೆಂಗಸರು ಕೂತು ಮುಳ್ಳು ಹೆರೆಯುತ್ತಿರುತ್ತಾರೆ. ಎಡಗೈಯಲ್ಲಿ ತೊಟ್ಟಿನ ಕಡೆ ಹಿಡಿದು, ಅಗಲವಾದ ಚಾಕುವನ್ನು ಮಟ್ಟಸವಾಗಿ ಮಲಗಿಸಿ, ತೊಟ್ಟಿನ ಕಡೆಯಿಂದ ತುದಿಗೆ ಸರ್‍ರನೆ ಎಳೆಯುತ್ತಾರೆ. ಕಣ್ಣುಗಳು ಮಾತ್ರ ಹಾರಿಹೋಗುತ್ತವೆ, ಹಸಿರು ಸಿಪ್ಪೆ ಹಾಗೇ ಉಳಿಯುತ್ತದೆ. ಆಮೇಲೆ ಸುತ್ತಲಿನ ಅಂಚನ್ನು ಒಂದೇ ಸುತ್ತಿಗೆ ಕತ್ತರಿಸಿ ಬಿಸಾಡುತ್ತಾರೆ, ಯಾಕೆಂದರೆ ಅಂಚಿನಲ್ಲಿ ಮುಳ್ಳು ಜಾಸ್ತಿ. ನೀವೂ ಹೀಗೇ ಮಾಡಿ. ಸಿಪ್ಪೆ ಪೂರ್ತಿ ಹೆರೆಯಬೇಡಿ. ಮುಳ್ಳು ತೆಗೆದು ಹೆಚ್ಚಿಟ್ಟ ನೋಪಾಲ್ ಪೊಟ್ಟಣವೂ ನಿಮ್ಮ ಸ್ಯಾನ್ ಆಂಟೋನಿಯೊದಲ್ಲಿ ಸಿಗುತ್ತದೆ. ಕೈಗೆ ಅಭ್ಯಾಸ ಆಗುವವರೆಗೆ ಅದನ್ನೇ ತಂದರೂ ತಪ್ಪಿಲ್ಲ.

ಈಗ ಪಲ್ಯ. ಅಗಲವಾದ ಬಾಣಲೆ ಬೇಕು. ನೋಪಾಲನ್ನು ಬೆರಳಗಲದ ಪಟ್ಟಿಗಳಾಗಿ ಹೆಚ್ಚಿ. ಎಣ್ಣೆ ಬೇಡ, ನೀರು ಬೇಡ, ಮುಚ್ಚಳವಂತೂ ಬೇಡವೇ ಬೇಡ. ಬರೀ ಬಾಣಲೆಗೆ ಹಾಕಿ ಉಪ್ಪು ಉದುರಿಸಿ. ಬೆಂಡೆಕಾಯಿಗೆ ನಾವು ಉಪ್ಪನ್ನು ಕೊನೆಗೆ ಹಾಕುತ್ತೇವೆ. ಇಲ್ಲಿ ಮಾತ್ರ ಆ ದಾರಿ ಬಿಡಬೇಕು. ನೋಪಾಲಿನ ಲೋಳೆಯನ್ನು ಒಳಗೇ ಅಡಗಿಸಿಡಲು ಆಗುವುದಿಲ್ಲ, ಅಷ್ಟೊಂದು ಇರುತ್ತದೆ. ಅದನ್ನು ಹೊರಗೆಳೆದು ಆರಿಸಬೇಕು, ಉಪ್ಪು ಆ ಕೆಲಸ ಮಾಡುತ್ತದೆ. ನಾಲ್ಕೈದು ನಿಮಿಷಕ್ಕೆ ಬಾಣಲೆ ತುಂಬಾ ನೂಲು ನೂಲಾಗಿ ಲೋಳೆ ಬಿಡುತ್ತದೆ. ಹೊಸಬರು ಹೆದರಿ ಒಲೆ ಆರಿಸುವುದು ಈ ಹೊತ್ತಿಗೇ. ಆರಿಸಬೇಡಿ. ಮಧ್ಯಮ ಉರಿಯಲ್ಲಿ ಕೈಯಾಡಿಸುತ್ತಾ ಇರಿ. ಇನ್ನೊಂದು ಹತ್ತು ನಿಮಿಷಕ್ಕೆ ಗುಳ್ಳೆ ನಿಲ್ಲುತ್ತದೆ, ನೂಲು ಒಣಗುತ್ತದೆ, ಹೊಳೆಯುವ ಹಸಿರು ಹೋಗಿ ಮಾಸಲು ಹಸಿರು ಬರುತ್ತದೆ. ಆಗ ಅದನ್ನು ಬದಿಗೆ ತೆಗೆದು, ಅದೇ ಬಾಣಲೆಯಲ್ಲಿ ಎಣ್ಣೆ, ಸಾಸಿವೆ, ಕಡ್ಲೆಬೇಳೆ, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಈರುಳ್ಳಿ ಹಾಕಿ ಒಗ್ಗರಿಸಿ, ನೋಪಾಲ್ ಸೇರಿಸಿ. ಕೊನೆಗೆ ಚಳ್ಳಕೆರೆಯವರ ಮನೆಯಲ್ಲಿ ಇದ್ದೇ ಇರುವ ಶೇಂಗಾ ಪುಡಿ ಎರಡು ಚಮಚ. ಉಳಿದ ಸ್ವಲ್ಪ ಅಂಟನ್ನೂ ಪುಡಿ ಹೀರಿಕೊಳ್ಳುತ್ತದೆ. ಹುಣಸೆಹಣ್ಣು ಹಾಕಬೇಡಿ, ನೋಪಾಲಿಗೇ ಹುಳಿ ಇದೆ.

ಆ ಹುಳಿಯದೂ ಒಂದು ಚಂದದ ಕಥೆ. ಬಹುಪಾಲು ಗಿಡಗಳು ಹಗಲಲ್ಲಿ ಉಸಿರಾಟದ ರಂಧ್ರ ತೆರೆದು ಇಂಗಾಲದ ಡೈಆಕ್ಸೈಡ್ ಒಳಗೆ ತಗೊಳ್ಳುತ್ತವೆ. ಕಳ್ಳಿ ಹಗಲಲ್ಲಿ ತೆರೆದರೆ ಒಳಗಿನ ನೀರೆಲ್ಲ ಆವಿಯಾಗಿ ಹೋಗುತ್ತದೆ. ಅದಕ್ಕೆ ಇದು ರಾತ್ರಿ ತಂಪಿನಲ್ಲಿ ರಂಧ್ರ ತೆರೆದು, ಒಳಬಂದದ್ದನ್ನು ಮ್ಯಾಲಿಕ್ ಆಮ್ಲವಾಗಿ ಕೂಡಿಟ್ಟು, ಹಗಲು ಬಿಸಿಲು ಬಂದಾಗ ಬಾಗಿಲು ಮುಚ್ಚಿ ಅದನ್ನು ಬಳಸುತ್ತದೆ. ಸೇಬಿನ ಹುಳಿಯೂ ಇದೇ ಮ್ಯಾಲಿಕ್ ಆಮ್ಲದ್ದು. ಹಾಗಾಗಿ ಬೆಳಗಿನ ಜಾವ ಕೊಯ್ದ ನೋಪಾಲ್ ಹುಳಿಹುಳಿ, ಮಧ್ಯಾಹ್ನದ ಮೇಲೆ ಕೊಯ್ದದ್ದು ಸಪ್ಪೆ. ಅಕ್ಕಪಕ್ಕದವರ ಹಿತ್ತಲಲ್ಲಿ ಗಿಡ ಇದ್ದರೆ ಎರಡು ಹೊತ್ತಿಗೂ ಒಂದೊಂದು ಕೊಯ್ದು ನಾಲಿಗೆಗೆ ಇಟ್ಟು ನೋಡಿ, ವ್ಯತ್ಯಾಸ ತಾನಾಗಿ ಗೊತ್ತಾಗುತ್ತದೆ.

ನನಗೆ ಪಲ್ಯಕ್ಕಿಂತ ಇಷ್ಟವಾದದ್ದು ಸುಟ್ಟ ನೋಪಾಲ್. ಮೆಕ್ಸಿಕೊದಲ್ಲಿ ರೊಟ್ಟಿ ಸುಡುವ ಹಂಚಿನ ಮೇಲೇ ಇಡೀ ನೋಪಾಲನ್ನು ಸುಡುತ್ತಾರೆ. ಹಸ್ತದ ಬೆರಳುಗಳಂತೆ ಉದ್ದುದ್ದ ಸೀಳಿ, ಉಪ್ಪು, ಎಣ್ಣೆ ಸವರಿ, ಎರಡೂ ಕಡೆ ಅಲ್ಲಲ್ಲಿ ಕಪ್ಪು ಕಲೆ ಬೀಳುವವರೆಗೆ. ಲೋಳೆ ಹಂಚಿನ ಮೇಲೇ ಸುಟ್ಟುಹೋಗುತ್ತದೆ. ಇದನ್ನು ಸಣ್ಣಗೆ ಹೆಚ್ಚಿ, ಹಸಿಮೆಣಸಿನಕಾಯಿ, ಈರುಳ್ಳಿ, ಕೊತ್ತಂಬರಿ ಹಾಕಿ ಗಟ್ಟಿ ಮೊಸರಿಗೆ ಕಲಸಿ. ಸುಟ್ಟ ಬದನೆಕಾಯಿಯ ಮೊಸರುಬಜ್ಜಿ ತಿಂದು ಬೆಳೆದವರಿಗೆ ಇದು ತಕ್ಷಣ ಹಿಡಿಸುತ್ತದೆ. ರಾಗಿಮುದ್ದೆ ಜೊತೆಗೂ ಹೊಂದುತ್ತದೆ.

ಇನ್ನೊಂದು ದಾರಿ ಬೇಯಿಸಿ ಬಸಿಯುವುದು. ದೊಡ್ಡ ಪಾತ್ರೆಯಲ್ಲಿ ಜಾಸ್ತಿ ನೀರು, ಉಪ್ಪು, ಅರ್ಧ ಈರುಳ್ಳಿ ಹಾಕಿ ಹತ್ತು ನಿಮಿಷ ಕುದಿಸಿ, ಜರಡಿಯಲ್ಲಿ ಬಸಿದು ತಣ್ಣೀರಲ್ಲಿ ಚೆನ್ನಾಗಿ ತೊಳೆಯುವುದು. ಲೋಳೆಯಿಂದ ನೊರೆಯೆದ್ದು ಹಾಲಿನಂತೆ ಉಕ್ಕುತ್ತದೆ, ಪಕ್ಕದಲ್ಲೇ ನಿಂತಿರಿ. ಹೀಗೆ ಬೇಯಿಸಿದ್ದಕ್ಕೆ ಟೊಮ್ಯಾಟೊ, ಈರುಳ್ಳಿ, ಕೊತ್ತಂಬರಿ, ನಿಂಬೆರಸ ಹಾಕಿ ಅಲ್ಲಿ ಸಲಾಡ್ ಮಾಡುತ್ತಾರೆ. ನಾವು ಹೆಸರುಬೇಳೆ ನೆನೆಸಿ ಹಾಕಿ ಕೋಸಂಬರಿ ಮಾಡಿದರೂ ರುಚಿಯೇ. ಮೊಟ್ಟೆ ತಿನ್ನುವವರಾದರೆ ಮೊಟ್ಟೆ ಬುರ್ಜಿಗೆ ಸೇರಿಸಿ. ನಿಮ್ಮ ಸ್ಯಾನ್ ಆಂಟೋನಿಯೊದಲ್ಲಿ ಬೆಳಗಿನ ತಿಂಡಿಯ ಟ್ಯಾಕೊ ಒಳಗೆ ಸಿಗುವುದು ಅದೇ. ಒಂದು ಮಾತು. ನಮ್ಮ ಕಡೆ ಸೊಪ್ಪು, ಕಾಳು ಬೇಯಿಸಿದ ಕಟ್ಟನ್ನು ಚೆಲ್ಲದೆ ಬಸ್ಸಾರು ಮಾಡುತ್ತೇವಲ್ಲ, ಇದರ ಕಟ್ಟಿನಲ್ಲಿ ಮಾಡಲು ಹೋಗಬೇಡಿ. ಸಾರು ಗಂಜಿಯಾಗುತ್ತದೆ.

ಇನ್ನು ಹಣ್ಣು. ಅದರ ಮುಳ್ಳು ಇಷ್ಟು ಕಾಡುವುದಕ್ಕೆ ಕಾರಣ ಇದೆ. ಪಾಪಾಸುಕಳ್ಳಿಗೆ ಎರಡು ಥರದ ಮುಳ್ಳು. ಒಂದು ಕಣ್ಣಿಗೆ ಕಾಣುವ ಉದ್ದ ಮುಳ್ಳು, ಅದು ಚುಚ್ಚಿದರೂ ಕಿತ್ತರೆ ಬರುತ್ತದೆ. ಇನ್ನೊಂದು ಕಣ್ಣುಗಳಲ್ಲಿ ಗೊಂಚಲಾಗಿರುವ ಸುಂಕು. ಕೂದಲಿಗಿಂತ ಸಣ್ಣದು. ಭೂತಗನ್ನಡಿಯಲ್ಲಿ ನೋಡಿದರೆ ಅದರ ತುದಿಯ ತುಂಬಾ ಗಾಳದ ಕೊಕ್ಕೆಯಂತೆ ಹಿಂದಕ್ಕೆ ಬಾಗಿದ ಹಲ್ಲುಗಳು. ಒಳಗೆ ಹೋಗುವುದು ಸಲೀಸು, ಹೊರಗೆ ಬರುವುದು ಕಷ್ಟ. ಮುಟ್ಟಿದ ತಕ್ಷಣ ಬುಡದಿಂದ ಕಳಚಿ ಬರುತ್ತದೆ, ಗಾಳಿಗೂ ಹಾರುತ್ತದೆ. ಚಿಕ್ಕಂದಿನಲ್ಲಿ ನಾವು ಬೇಲಿಯ ಹಣ್ಣನ್ನು ಕೋಲಿನಿಂದ ಕೆಡವಿ, ಒರಟು ನೆಲದ ಮೇಲೆ ಚಪ್ಪಲಿ ಕಾಲಲ್ಲಿ ಹೊರಳಿಸಿ ಸುಂಕು ಉಜ್ಜುತ್ತಿದ್ದೆವು. ಒಮ್ಮೆ ಆತುರಕ್ಕೆ ಸರಿಯಾಗಿ ಉಜ್ಜದೆ ಕಚ್ಚಿದ್ದಕ್ಕೆ ಎರಡು ದಿನ ತುಟಿ, ನಾಲಿಗೆ ಉರಿದು ಅನ್ನ ನುಂಗಲು ಆಗಿರಲಿಲ್ಲ. ಆ ನೋವು ಇಂದಿಗೂ ಮರೆತಿಲ್ಲ.

ಬೆರಳಿಗೆ ಚುಚ್ಚಿಕೊಂಡಾಗ ಉಜ್ಜಬೇಡಿ, ಬಾಯಲ್ಲಿ ಚೀಪಬೇಡಿ. ಒಳ್ಳೆ ಬೆಳಕಲ್ಲಿ ಚಿಮಟಿಗೆಯಿಂದ ಸಿಕ್ಕಷ್ಟು ಕೀಳಿ. ಉಳಿದದ್ದಕ್ಕೆ ಮಕ್ಕಳು ಕಾಗದ ಅಂಟಿಸುವ ಬಿಳಿ ಗೋಂದನ್ನು ತೆಳ್ಳಗೆ ಬಳಿದು, ಮೇಲೆ ಬ್ಯಾಂಡೇಜ್ ಬಟ್ಟೆಯ ತುಂಡು ಒತ್ತಿ, ಪೂರ್ತಿ ಒಣಗಿದ ಮೇಲೆ ಎಳೆಯಿರಿ. ಬಹುಪಾಲು ಅದರ ಜೊತೆ ಬಂದುಬಿಡುತ್ತದೆ. ಫೆವಿಕ್ವಿಕ್ ಥರದ ಗಟ್ಟಿ ಅಂಟು ಹಾಕಬೇಡಿ.

ಹಣ್ಣನ್ನು ಕೈಯಲ್ಲಿ ಮುಟ್ಟದೆಯೇ ಬಿಡಿಸಬಹುದು. ಇಕ್ಕಳದಲ್ಲಿ ಹಿಡಿದು ಗ್ಯಾಸ್ ಉರಿಯ ಮೇಲೆ ಸುತ್ತಲೂ ತಿರುಗಿಸಿ, ಸುಂಕು ಚಿಟಿಚಿಟಿ ಅಂತ ಸುಟ್ಟುಹೋಗುತ್ತದೆ. ಆಮೇಲೆ ಮಣೆಯ ಮೇಲೆ ಇಟ್ಟು ಫೋರ್ಕ್ ಚುಚ್ಚಿ, ಎರಡೂ ತುದಿ ಕತ್ತರಿಸಿ, ಉದ್ದಕ್ಕೆ ಒಂದು ಗೀರು ಹಾಕಿ. ದಪ್ಪ ಸಿಪ್ಪೆಯನ್ನು ಚಾಕುವಿನಿಂದ ಎರಡೂ ಕಡೆಗೆ ಮಗುಚಿದರೆ ಒಳಗಿನ ತಿರುಳು ದುಂಡಗೆ ಬಿಡಿಸಿಕೊಂಡು ಬರುತ್ತದೆ. ಬೀಜ ಗಟ್ಟಿ, ಅಗಿಯಲು ಆಗುವುದಿಲ್ಲ, ಸೀಬೆಬೀಜದಂತೆ ನುಂಗಬೇಕು. ಆದರೆ ಎಂಟು ಹತ್ತು ಹಣ್ಣು ಒಟ್ಟಿಗೆ ತಿಂದರೆ ಬೀಜ ಕರುಳಲ್ಲಿ ಗಟ್ಟಿಕಟ್ಟಿ ಮಲಬದ್ಧತೆ ಜೋರಾಗುತ್ತದೆ. ಇದನ್ನು ಹೆಚ್ಚು ತಿನ್ನುವ ದೇಶಗಳ ವೈದ್ಯರಿಗೆ ಇದು ಚೆನ್ನಾಗಿ ಗೊತ್ತಿರುವ ತೊಂದರೆ. ವಯಸ್ಸಾದವರಿಗೆ, ಮಕ್ಕಳಿಗೆ ರಸ ಸೋಸಿ ಕೊಡುವುದೇ ಮೇಲು. ಮಿಕ್ಸಿಯಲ್ಲಿ ಎರಡು ಸಲ ಗುರ್ ಅನಿಸಿದರೆ ಸಾಕು, ನುಣ್ಣಗೆ ಅರೆದರೆ ಬೀಜದ ಚೂರು ರಸವನ್ನು ಕೆಡಿಸುತ್ತದೆ.

ಈ ರಸಕ್ಕೆ ಹುಳಿ ತುಂಬಾ ಕಡಿಮೆ. ಆದ್ದರಿಂದ ಬೇಗ ಹಳಸುತ್ತದೆ, ನಿಂಬೆರಸ ಹಿಂಡಿ ಫ್ರಿಜ್‌ನಲ್ಲಿಡಿ. ಕೆಂಪು ಹಣ್ಣಿನ ಬಣ್ಣ ಬೀಟ್‌ರೂಟ್‌ನ ಬಣ್ಣದ ಜಾತಿಯದೇ. ಜಾಸ್ತಿ ಕುದಿಸಿದರೆ ಕಂದಾಗುತ್ತದೆ. ಬೀಟ್‌ರೂಟ್ ತಿಂದಾಗಿನಂತೆ ಮರುದಿನ ಮೂತ್ರ ಕೆಂಪಾಗಬಹುದು. ಅಮ್ಮನಿಗೆ ಮೊದಲೇ ಹೇಳಿಡಿ, ಇಲ್ಲದಿದ್ದರೆ ಗಾಬರಿಯಾಗುತ್ತಾರೆ.

ಮೆಕ್ಸಿಕೊದ ಸ್ಯಾನ್ ಲೂಯಿಸ್ ಪೊಟೋಸಿ ಕಡೆ ಈ ಹಣ್ಣಿನ ರಸವನ್ನು ಗಂಟೆಗಟ್ಟಲೆ ಕಾಯಿಸಿ, ಪಾಕ ಬಂದ ಮೇಲೆ ಬಡಿದು ಬಡಿದು ಅಚ್ಚಿಗೆ ಹಾಕುತ್ತಾರೆ. ಹೆಸರು ಮಾತ್ರ 'ಹಣ್ಣಿನ ಚೀಸ್', ಹಾಲಿನ ಹನಿಯೂ ಇಲ್ಲ. ನಮ್ಮ ಆಲೆಮನೆ ನೋಡಿದವರಿಗೆ ಆ ಕೆಲಸ ತಕ್ಷಣ ಅರ್ಥವಾಗುತ್ತದೆ. ಕಬ್ಬಿನ ಬದಲು ಕಳ್ಳಿಹಣ್ಣು, ಅಷ್ಟೇ.

ಈಗ ಅಮ್ಮನ ಸಕ್ಕರೆ ವಿಷಯ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ನೋಪಾಲಿನ ಲೋಳೆ ಮತ್ತು ನಾರು ಹೊಟ್ಟೆಯಲ್ಲಿ ಊಟದ ಸಕ್ಕರೆ ರಕ್ತಕ್ಕೆ ಸೇರುವುದನ್ನು ನಿಧಾನ ಮಾಡುತ್ತದೆ. 1980ರ ದಶಕದಿಂದ ಮೆಕ್ಸಿಕೊದಲ್ಲಿ ಇದರ ಮೇಲೆ ಅಧ್ಯಯನ ನಡೆದಿದೆ. ಊಟದ ಜೊತೆ ನೋಪಾಲ್ ತಿಂದವರಲ್ಲಿ ಊಟದ ನಂತರದ ಸಕ್ಕರೆ ಅಷ್ಟು ಏರಲಿಲ್ಲ ಅಂತ ಕಂಡಿದೆ. ಆದರೆ ಅವೆಲ್ಲ ಕೆಲವೇ ಜನರ ಮೇಲೆ ಮಾಡಿದ ಚಿಕ್ಕ ಅಧ್ಯಯನಗಳು. ಇದರಿಂದ ಕಾಯಿಲೆ ವಾಸಿಯಾಗುತ್ತದೆ ಅನ್ನುವವರ ಮಾತು ನಂಬಬೇಡಿ. ಮಾತ್ರೆ ಬಿಡುವ ಮಾತೇ ಇಲ್ಲ. ಮೆಂತ್ಯ, ಬೆಂಡೆಕಾಯಿಗೆ ಊಟದಲ್ಲಿ ಎಷ್ಟು ಜಾಗವೋ ಇದಕ್ಕೂ ಅಷ್ಟೇ. 100 ಗ್ರಾಂ ನೋಪಾಲಿಗೆ 16 ಕ್ಯಾಲರಿ ಮಾತ್ರ, ಆ ಲೆಕ್ಕದಲ್ಲಿ ಸಕ್ಕರೆ ಕಾಯಿಲೆಯವರಿಗೆ ಒಳ್ಳೆಯ ತರಕಾರಿ.

ಅಮ್ಮ ತಗೊಳ್ಳುವ ಮಾತ್ರೆ ಗ್ಲಿಮೆಪಿರೈಡ್, ಗ್ಲಿಕ್ಲಾಜೈಡ್ ಥರದ್ದೋ, ಅಥವಾ ಇನ್ಸುಲಿನ್ನೋ ಆಗಿದ್ದರೆ ಸಕ್ಕರೆ ತೀರಾ ಕೆಳಗಿಳಿಯುವ ಅಪಾಯ ಇರುತ್ತದೆ. ದಿನಾ ನೋಪಾಲ್ ತಿನ್ನಿಸುವ ಮುಂಚೆ ಅವರ ಡಾಕ್ಟರಿಗೆ ಒಂದು ಮಾತು ಹೇಳಿ. ಬರೀ ಮೆಟ್‌ಫಾರ್ಮಿನ್ ಆದರೆ ಆ ಭಯ ಕಡಿಮೆ. ವಾರಕ್ಕೆ ಎರಡು ಮೂರು ಸಲ ಪಲ್ಯ ಅಂತ ತಿಂದರೆ ಚಿಂತೆ ಬೇಡ. ಅಲ್ಲಿನ ಅಂಗಡಿಗಳಲ್ಲಿ ಮಾರುವ ನೋಪಾಲ್ ಕ್ಯಾಪ್ಸೂಲು, ಪುಡಿ ಮಾತ್ರ ಕೊಡಿಸಬೇಡಿ. ತರಕಾರಿಯಾಗಿ ತಿನ್ನಲು ಸಿಗುವಾಗ ಅದೆಲ್ಲ ಯಾಕೆ? ಹಣ್ಣು ಬೇರೆ ವಿಷಯ. ಅದರಲ್ಲಿ ಸಕ್ಕರೆ ಇದ್ದೇ ಇದೆ, ದಿನಕ್ಕೆ ಒಂದು ಸಾಕು, ಸಕ್ಕರೆ ಕಾಯಿಲೆಯವರಿಗೆ ರಸಕ್ಕಿಂತ ಹಣ್ಣೇ ಮೇಲು. ನೋಪಾಲಿನಲ್ಲಿ ಕ್ಯಾಲ್ಸಿಯಂ ಜಾಸ್ತಿ ಅಂತ ಹೊಗಳುತ್ತಾರೆ, ನಿಜ. ಆದರೆ ಆಕ್ಸಲೇಟ್ ಕೂಡ ಇರುವುದರಿಂದ ಅದರಲ್ಲಿ ಬಹುಪಾಲು ಮೈಗೆ ಹತ್ತುವುದಿಲ್ಲ. ಅದೇ ಕಾರಣಕ್ಕೆ ಕಿಡ್ನಿಯ ಕಲ್ಲಿನ ತೊಂದರೆ ಇದ್ದವರು ಮಿತವಾಗಿ ತಿನ್ನಬೇಕು. ಕಿಡ್ನಿ ಸೋತವರು ಡಾಕ್ಟರನ್ನು ಕೇಳದೆ ತಿನ್ನಬಾರದು.

ಊರಿನ ಬೇಲಿಯದನ್ನು ತಿನ್ನಬಹುದಾ ಅಂತ ಕೇಳಿದ್ದೀರಿ. ಪಾಪಾಸುಕಳ್ಳಿಯ ನೇರಳೆ ಬಣ್ಣದ ಹಣ್ಣನ್ನು ಧಾರಾಳವಾಗಿ ತಿನ್ನಬಹುದು, ನಮ್ಮ ಬಯಲುಸೀಮೆಯ ದನಗಾಹಿ ಮಕ್ಕಳು ತಿಂದೇ ಬೆಳೆದವರು. ಅದರ ಎಲೆಯಲ್ಲಿ ವಿಷ ಏನಿಲ್ಲ, ಆದರೆ ಮುಳ್ಳು, ನಾರು ಎರಡೂ ವಿಪರೀತ. ತೀರಾ ಎಳೆ ಚಿಗುರು ಸಿಕ್ಕರೆ ನೋಡಿ, ಇಲ್ಲದಿದ್ದರೆ ಬಿಡಿ.

ಆದರೆ ಒಂದು ಎಚ್ಚರಿಕೆ, ಇದು ಈ ಉತ್ತರದ ಬೇರೆಲ್ಲಕ್ಕಿಂತ ಮುಖ್ಯ. ಕನ್ನಡದಲ್ಲಿ ಕಳ್ಳಿ ಅನ್ನುವ ಹೆಸರು ಎರಡು ಬೇರೆ ಬೇರೆ ಕುಟುಂಬಗಳಿಗೆ ಇದೆ. ಬೊಂತೆಗಳ್ಳಿ, ಎಲೆಗಳ್ಳಿ ಇವೆಲ್ಲ ನಿಜವಾದ ಕ್ಯಾಕ್ಟಸ್ ಅಲ್ಲ. ಅವುಗಳನ್ನು ಮುರಿದರೆ ಬಿಳಿ ಹಾಲು ಬರುತ್ತದೆ. ಆ ಹಾಲು ವಿಷ. ಚರ್ಮ ಸುಡುತ್ತದೆ, ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ. ಪಾಪಾಸುಕಳ್ಳಿಯಲ್ಲಿ ಹಾಲಿಲ್ಲ, ನೀರಿನಂಥ ಲೋಳೆ ಮಾತ್ರ. ಊರಿನಲ್ಲಿ ಯಾರಿಗಾದರೂ ಫೋನಿನಲ್ಲಿ "ಕಳ್ಳಿ ತಿನ್ನಬಹುದಂತೆ" ಅಂತ ಹೇಳುವಾಗ ದಯವಿಟ್ಟು ಇದನ್ನೂ ಸೇರಿಸಿಯೇ ಹೇಳಿ.

ಈ ಗಿಡ ಚಳ್ಳಕೆರೆಗೆ ಬಂದದ್ದಾದರೂ ಹೇಗೆ ಅಂತ ಅಮ್ಮ ಕೇಳಬಹುದು. ಪಾಪಾಸು ಅಂದರೆ ಚಪ್ಪಲಿ. ಪರ್ಷಿಯನ್ ಕಡೆಯಿಂದ ಬಂದ ಮಾತು. ಅಟ್ಟೆಯ ಆಕಾರ ನೋಡಿ ನಮ್ಮವರು ಹೆಸರಿಟ್ಟರು. ತಮಿಳರೂ ಪೋರ್ಚುಗೀಸರಿಂದ ಬಂದ ಸಪ್ಪಾತ್ತು ಅನ್ನುವ ಮಾತಿನಿಂದ ಸಪ್ಪಾತ್ತಿಕಳ್ಳಿ ಅಂದರು, ಅದೂ ಚಪ್ಪಲಿಯೇ. ಗಿಡವಂತೂ ಪೂರ್ತಿ ಅಮೆರಿಕ ಖಂಡದ್ದು. ಈ ಕಳ್ಳಿಯ ಮೇಲೆ ಬಿಳಿ ಹತ್ತಿಯಂತೆ ಅಂಟಿಕೊಂಡು ಬದುಕುವ ಕೋಚಿನೀಲ್ ಅನ್ನುವ ಹುಳ ಇದೆ. ಹಿಸುಕಿದರೆ ರಕ್ತದಂಥ ಕೆಂಪು ಬಣ್ಣ. ಹದಿನೆಂಟನೇ ಶತಮಾನದಲ್ಲಿ ಬಟ್ಟೆಗೆ ಹಾಕುವ ತುಂಬಾ ದುಬಾರಿ ಬಣ್ಣ ಅದು, ವ್ಯಾಪಾರ ಸ್ಪೇನ್‌ನವರ ಹಿಡಿತದಲ್ಲಿತ್ತು. ಅದನ್ನು ಇಲ್ಲೇ ಸಾಕಬೇಕು ಅಂತ ಈಸ್ಟ್ ಇಂಡಿಯಾ ಕಂಪನಿ ಮದ್ರಾಸಿನಲ್ಲಿ ಕಳ್ಳಿ ತೋಟವನ್ನೇ ಮಾಡಿಸಿತು. 1795ರಲ್ಲಿ ಬ್ರೆಜಿಲ್‌ನಿಂದ ಹುಳ ಬಂತು. ಆದರೆ ಬಂದದ್ದು ಕೀಳು ಜಾತಿಯ ಹುಳ. ಬಣ್ಣ ಕೈಗೆ ಹತ್ತಲಿಲ್ಲ, ಒಂದು ಜಾತಿಯ ಕಳ್ಳಿಯನ್ನು ಮಾತ್ರ ತಿಂದು ಮುಗಿಸಿತು. ಉಳಿದ ಜಾತಿ ಬೇಲಿ ದಾಟಿ ಹೊಲಗಳಿಗೆ ನುಗ್ಗಿತು. ಕೊನೆಗೆ ಅದನ್ನು ಹತೋಟಿಗೆ ತರಲೆಂದೇ 1926ರಲ್ಲಿ ಶ್ರೀಲಂಕಾದಿಂದ ಇನ್ನೊಂದು ಜಾತಿಯ ಹುಳ ತರಿಸಿದರು, ದಕ್ಷಿಣ ಭಾರತದ ಎಷ್ಟೋ ಕಡೆ ಕಳ್ಳಿ ಒಣಗಿ ನೆಲಕ್ಕೆ ಬಿತ್ತು. ಅಮ್ಮನ ಅಜ್ಜಿಯ ಕಾಲದವರು "ಆಗ ಊರು ಸುತ್ತ ಕಳ್ಳಿಯೇ ಇತ್ತು" ಅಂದಿದ್ದರೆ ಅದು ಸುಮ್ನೆ ಹೇಳಿದ ಮಾತಲ್ಲ. ನಿಮ್ಮ ಬೀದಿಯ ಕಳ್ಳಿಗಳ ಮೇಲೂ ಆ ಬಿಳಿ ಹತ್ತಿ ಕಾಣಬಹುದು. ಕಡ್ಡಿಯಿಂದ ಒಂದನ್ನು ಒತ್ತಿ ಅಮ್ಮನಿಗೆ ತೋರಿಸಿ.

ಪಲ್ಯ ಹಿಡಿಸಿದರೆ ಹೊರಡುವಾಗ ಎರಡು ಎಲೆ ಬ್ಯಾಗಿಗೆ ಹಾಕಿಕೊಳ್ಳೋಣ ಅಂತ ಅಮ್ಮನಿಗೆ ಅನಿಸುತ್ತದೆ, ಒಂದು ಎಲೆ ಮಣ್ಣಿಗೆ ಊರಿದರೂ ಗಿಡವಾಗುತ್ತದಲ್ಲ. ಅದು ಬೇಡ. ಪರವಾನಗಿ, ರೋಗವಿಲ್ಲ ಅನ್ನುವ ಸರ್ಕಾರಿ ಪ್ರಮಾಣಪತ್ರ ಇಲ್ಲದೆ ನೆಡುವ ಗಿಡವನ್ನು ಭಾರತಕ್ಕೆ ತರುವಂತಿಲ್ಲ. ಎಲೆಯ ಕಣ್ಣಿನಲ್ಲಿ ಒಂದೇ ಒಂದು ಹುಳ ಅಡಗಿದ್ದರೂ ತೊಂದರೆ. ಮೊರಾಕ್ಕೊದಲ್ಲಿ 2014ರಲ್ಲಿ ಕಾಣಿಸಿಕೊಂಡ ಕೋಚಿನೀಲ್ ಹುಳ ಕೆಲವೇ ವರ್ಷಗಳಲ್ಲಿ ರೈತರ ಕಳ್ಳಿ ತೋಟಗಳನ್ನು ಸಾಲು ಸಾಲಾಗಿ ಒಣಗಿಸಿತು. ಮುಳ್ಳಿಲ್ಲದ ಕಳ್ಳಿ ಈಗ ಭಾರತದಲ್ಲೇ ಇದೆ. ಪುಣೆ ಹತ್ತಿರದ ಉರುಳಿಕಾಂಚನದ ಬೈಫ್ ಸಂಸ್ಥೆ, ಜೋಧಪುರದ ಕೇಂದ್ರೀಯ ಒಣಭೂಮಿ ಸಂಶೋಧನಾ ಸಂಸ್ಥೆ ಇದನ್ನು ಬರಗಾಲದ ಮೇವಿಗೆ ಅಂತ ಬೆಳೆಸುತ್ತಿವೆ. ಅಲ್ಲಿ ಕೇಳಿ ತರಿಸಿ, ಚಳ್ಳಕೆರೆಯ ಹೊಲದ ಬದುವಿನಲ್ಲಿ ನೀರು ನಿಲ್ಲದ ಜಾಗ ನೋಡಿ ನೆಡಿ. ಕತ್ತರಿಸಿದ ಎಲೆಯನ್ನು ಒಂದೆರಡು ವಾರ ನೆರಳಲ್ಲಿ ಇಟ್ಟು, ಗಾಯ ಒಣಗಿದ ಮೇಲೆ ಊರಬೇಕು. ಹಸಿಯಾಗಿಯೇ ಊರಿದರೆ ಕೊಳೆಯುತ್ತದೆ. ದನಗಳಿಗೂ ಹಾಕುವುದಾದರೆ ಬರೀ ಕಳ್ಳಿ ಹಾಕಬೇಡಿ, ಭೇದಿಯಾಗುತ್ತದೆ. ಒಣಹುಲ್ಲಿನ ಜೊತೆ ಕಲಸಿ ಹಾಕಿ.